ಅವ್ವನ ಅರವತ್ತಮೂರು ಹಾಡು ಮತ್ತ ಒಂದು ಡಬ್ಬಿ

ಕೆಲವು ಮನಿಯೊಳಗ ಸಾಮಾನು ಕಳೀತಾವ, ಕೆಲವು ಮನಿಯೊಳಗ ಒಡೀತಾವ. ನಮ್ಮನಿ ಪದ್ಧತಿನ ಬ್ಯಾರೆ. ನಾವು ಯಾವುದನ್ನ ಭಾಳ ಜ್ವಾಪಾನ ಇಡ್ತೀವೋ ಅದs ಮದಲ ಹೋಗ್ತದ. ಬಾಗಲ ಹಿಂದ ಒಂದು ಮುರಕಾ ಛತ್ರಿ ಹತ್ತು ವರ್ಷದಿಂದ ಬಿದ್ದದ. ಅದರ ಗೊಡವಿಗೆ ಯಾರೂ ಹೋಗಿಲ್ಲ, ಅದಕ್ಕ ಏನೂ ಆಗಿಲ್ಲ. ಆದ್ರ ನಾ ಎದಿಗೆ ಅವಚಿಕೊಂಡು ಉಳಸಲಿಕ್ಕೆ ಹೋಗಿದ್ದು ಒಂದದ. ಅದರ ಹಣೇಬರಾ ನೀವs ಕೇಳ್ರಿ.

೧. ಹಲ್ಲು ಹೋಗೂದಕಿಂತ ಮದಲ

ನಾವು ಮೂಲ ಧಾರವಾಡದ ಕಡೆಯವರು. ನಾ ನೌಕರಿ ಅಂತ ಪುಣೆಕ್ಕ ಬಂದು, ಕೋಥರೂಡದೊಳಗ ಮೂರನೇ ಮಜಲಿನ್ಯಾಗ ಮನಿ ಮಾಡಿದೆ. ಅವ್ವನೂ ನಮ್ಮ ಜೋಡಿನ. ಪುಣೆದಾಗ ನಮ್ಮ ಕಡೆ ಮಂದಿ ಮನ್ಯಾಗ ಲಗ್ನ ಅಂದ್ರ ಭಟ್ಟರಿಗಿಂತ ಮದಲ ಅವ್ವಗ ಹೇಳಿಕಿ ಬರ್ತಿತ್ತು. ಯಾಕಂದ್ರ ಆಕಿಗೆ ಅರವತ್ತಮೂರು ಬೀಗರ ಹಾಡು ಬರ್ತಿದ್ವು. ಗಂಡಿನ ಕಡೆಯವರನ್ನ ಸಾಲಾಗಿ ಊಟಕ್ಕ ಕೂಡಿಸಿ, ಹೆಣ್ಣಿನ ಕಡೆಯವರು ಎದುರಿಗೆ ನಿಂತು ಹಾಡಿನೊಳಗ ಬೈಯೂದು, ಅವರು ನಕ್ಕೋತ ಹೋಳಿಗಿ ತಿನ್ನೂದು, ಇದು ನಮ್ಮ ಪದ್ಧತಿ. ಅವ್ವ ಬೈದ್ರ ಬೀಗರು ಎರಡು ಹೋಳಿಗಿ ಜಾಸ್ತಿ ತಿಂತಿದ್ರು.

ಹಿಂಗಿರಬೇಕಾದ್ರ ಡಾಕ್ಟರು ಅವ್ವನ ಬಾಯಿ ನೋಡಿ, ಎಲ್ಲಾ ಹಲ್ಲು ತೆಗೀಬೇಕು ಅಂದ್ರು. ಅವ್ವ ಅತ್ತಳು. ಹಲ್ಲಿಗಲ್ಲ.

"ಹಲ್ಲು ಹೋದ್ರ ಹೋಗಲಿ, ಅವಲಕ್ಕಿ ನೆನಸಿ ತಿಂತೀನಿ. ಹಾಡು ಹೆಂಗೋ? ಕಟ್ಟಿಸಿದ ಹಲ್ಲು ಹಾಕ್ಕೊಂಡು ಹಾಡಿದ್ರ ಕುಕ್ಕರ್ ಸೀಟಿ ಹೊಡದಂಗ ಆಗ್ತದಂತ."

ಬಿಬವೇವಾಡಿಯೊಳಗ ನನ್ನ ತಂಗಿ ಮನಿ ಅದ. ಆಕಿಗೆ ಒಬ್ಬಾಕಿನ ಮಗಳು, ಆವಾಗ ಸಾಲ್ಯಾಗ ಎಂಟನೇತ್ತಾ. ಅವ್ವಗ ಆ ಮೊಮ್ಮಗಳ ಮ್ಯಾಲ ಜೀವ. "ಈಕಿ ಲಗ್ನದಾಗ ನನ್ನ ಹಾಡು ಆಗಬೇಕು. ನಾ ಇರ್ತೀನೋ ಇಲ್ಲೋ ಗೊತ್ತಿಲ್ಲ, ಹಲ್ಲಂತೂ ಇರೂದಿಲ್ಲ" ಅಂದ್ಲು.

ಆವಾಗ ನಮ್ಮನಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ನಾ ಎದಿ ಉಬ್ಬಿಸಿ ಅಂದೆ: "ಅವ್ವಾ, ಅಷ್ಟೂ ಹಾಡು ಇದರೊಳಗ ಹಾಕಿಡ್ತೀನಿ. ಒಂದೂ ಹೋಗೂದಿಲ್ಲ. ಇದು ನನ್ನ ಮಾತು."

ಈ ಮಾತು ಯಾಕರೆ ಆಡಿದ್ನೋ ಅಂತ ಇನ್ನೂ ಹಲುಬ್ತೀನಿ.

ದಿನಾ ಸಂಜೀಕೆ ಅವ್ವ ಕುರ್ಚಿ ಮ್ಯಾಲ ಕಾಲು ಮಡಚಿ ಕೂತು, ಮೈಕ್ ಹಿಡಕೊಂಡು ಹಾಡೂದು. ನಡುವ ಕೆಳಗ ಭಾಜಿ ಗಾಡಿಯಾಂವ ಒದರಿದ್ರ ಮತ್ತ ಮದಲಿನಿಂದ ಶುರು. ಒಂದಿನ ನಾ ರೆಕಾರ್ಡ್ ಗುಂಡಿ ಒತ್ತಿ ಚಹಾ ಕುಡೀಲಿಕ್ಕೆ ಹೋದೆ. ಬಂದು ನೋಡ್ತೀನಿ, ಅವ್ವ ಇನ್ನೂ ಹಾಡಿಗೇ ಬಂದಿಲ್ಲ. ನನ್ನ ಹೆಂಡ್ತಿ ಜೋಡಿ ಹರಟಿ ಹೊಡೀಲಿಕತ್ತಾಳ. ಯಾರ ಮನಿ ಸೊಸಿ ಹೆಂಗ, ಯಾವ ಊರಿನ ಬೀಗರು ಹೆಂಗ, ಕೆಳಗಿನ ಮನ್ಯಾಕಿ ಹೆಂಗ, ಎಲ್ಲಾ. ಹನ್ನೆರಡು ನಿಮಿಷ ಕಂಪ್ಯೂಟರ್ ಬಾಯಿ ಮುಚ್ಚಿ ಕೇಳಿಸಿಕೊಂಡಿತ್ತು.

"ಅಯ್ಯ ಇದರ! ಮದಲ ಹೇಳಬಾರದ? ಅಳಸಪಾ ಇದನ್ನ" ಅಂದ್ಲು.

"ಅಳಸ್ತೀನಿ ಅವ್ವಾ, ಚಿಂತಿ ಮಾಡಬ್ಯಾಡ" ಅಂದೆ.

ಆಮ್ಯಾಲ ಅಳಸಿದ್ರಾತು ಅಂತ ಮುಂದಿನ ಹಾಡು ಶುರು ಮಾಡಿದ್ವಿ. ಹಿಂಗಾಗಿ ಹಾಡು ಅರವತ್ತಮೂರು, ಫೈಲು ಅರವತ್ನಾಕು. ಹದಿನೇಳನೇದು ಹಾಡಲ್ಲ.

ಎಲ್ಲಾ ಮುಗಿದ ಮರುದಿನ ಹಲ್ಲು ತೆಗಸಿದ್ವಿ. ಬಾಯಿ ತುಂಬ ಹತ್ತಿ ಇಟ್ಕೊಂಡು ಅವ್ವ ನನ್ನ ಕಡೆ ನೋಡಿ, ಕಿವಿ ಮುಟ್ಟಿ, ಗಂಟಲಾ ಮುಟ್ಟಿ, ಕೈ ತಿರಿವಿ ಕೇಳಿದ್ಲು: ಹಾಡು ಅದಾವಲಾ? ಡಾಕ್ಟರು ಅದನ್ನ ನೋಡಿ ಗಾಬರಿಯಾಗಿ ಅಂದ್ರು: "ಆಜಿ, ದೋನ್ ದಿವಸ ಬಿಲಕುಲ್ ಹಾಡಬ್ಯಾಡ್ರಿ!"

೨. ಖಂಡೇ ಪೂಜಿ

ನಮ್ಮ ಓಣಿ ಮೂಲಿಯಾಗ ಒಬ್ಬ ಕಂಪ್ಯೂಟರ್ ರಿಪೇರಿ ಅಂಗಡಿಯಾಂವ ಇದ್ದ, ವಿಜಾಪುರ ಕಡೆಯಾಂವ. ಅವಂಗ ಏನರೆ ಕೇಳ್ರಿ, ಅವನ ಮದಲನೇ ಮಾತು ಒಂದs. "ಬ್ಯಾಕಪ್ ಐತೇನ್ರಿ?" ಮೌಸ್ ಒತ್ತೂವಲ್ದು ಅಂತ ಹೋದ್ರೂ ಅದs, ನಿಮ್ಮ ಅಂಗಡಿ ಎಷ್ಟಕ್ಕ ಮುಚ್ಚತೀರಿ ಅಂದ್ರೂ ಅದs.

"ಹಂಗಂದ್ರೇನೋ?" ಅಂತ ಕೇಳಿದೆ.

"ಒಂದ ಮಗಾ ಮಗಾ ಅಲ್ಲ, ಒಂದ ಕಣ್ಣ ಕಣ್ಣ ಅಲ್ಲ ಅಂತಾರಲ್ರಿ, ಅದs. ಇನ್ನೊಂದ ಕಡೆ ಒಂದ ಕಾಪಿ ಇಡ್ರಿ."

ಆವಾಗ ಇದ್ದದ್ದು ಫ್ಲಾಪಿ. ಅಂಗೈ ಅಗಲದ ಚೌಕ ಬಿಲ್ಲೆ. ಅವ್ವನ ಒಂದ ಹಾಡಿಗೆ ಒಂಬತ್ತು ಫ್ಲಾಪಿ ಬೇಕಾದ್ವು, ಹಾಡನ್ನ ಒಂಬತ್ತು ತುಂಡು ಮಾಡಿ ಹಾಕಬೇಕು. ಆಕಿಗೆ ಭಾಳ ಸೇರೂ ಹಾಡನ್ನ ಮದಲ ತಗೊಂಡೆ. ಇಡೀ ಒಂದು ದಿವಸ ಅದಕ್ಕ ಹೋತು. ಒಂಬತ್ತೂ ಫ್ಲಾಪಿ ಕಪಾಟಿನ್ಯಾಗ ಜ್ವಾಪಾನ ಇಟ್ಟು ಆಫೀಸಿಗೆ ಹೋದೆ.

ಆ ವಾರ ದಸರಾ. ಖಂಡೇನವಮಿ ದಿವಸ ಇಳಿಗಿ, ಸುತ್ತಿಗಿ, ನನ್ನ ಸ್ಕೂಟರ್, ಹೊಲಗಿ ಮಷೀನು, ಎಲ್ಲಾದಕ್ಕೂ ಪೂಜಾ ಆತು. ಸಂಜೀಕೆ ಮನಿಗೆ ಬಂದು ನೋಡ್ತೀನಿ, ದೇವರ ಮುಂದ ಬಾಳಿ ಎಲಿ ಮ್ಯಾಲ ಒಂಬತ್ತು ಫ್ಲಾಪಿ ಸಾಲಾಗಿ ಕೂತಾವ. ನವಗ್ರಹ ಇದ್ದಂಗ. ಮ್ಯಾಲ ಅಕ್ಷತಿ, ಹೂವು.

"ಮ್ಯಾಲ ಹಚ್ಚಿದ್ರ ನಡೀತದ ಅವ್ವಾ, ಒಳಗೇನೂ ಹೋಗಿಲ್ಲಲ್ಲ?" ಅಂತ ಹೆದರಿ ಹೆದರಿ ಕೇಳಿದೆ.

"ಮ್ಯಾಲ ಯಾಕ ಹಚ್ಚಲಿ? ಹಾಡು ಇರೂದು ಒಳಗ. ಅಲ್ಲೆ ಒಂದು ಸಣ್ಣ ತಗಡಿನ ಬಾಗಲಾ ಅದ ನೋಡು, ಸರಿಸಿದ್ರ ತಗೀತದ. ಒಳಗ ಒಂದೊಂದು ಕುಂಕುಮದ ಬೊಟ್ಟು ಇಟ್ಟೆ. ಒದ್ದಿ ಮಾಡಿ ಇಟ್ಟೀನಿ, ಉದರೂದಿಲ್ಲ."

ಅಂಗಡಿಯಾಂವ ಒಂದು ಫ್ಲಾಪಿ ಬೆಳಕಿಗೆ ಹಿಡದು ನೋಡಿದ, ಮೂಸಿ ನೋಡಿದ. "ಸಾಹೇಬ್ರ, ಫ್ಲಾಪಿಯೊಳಗ ವೈರಸ್ ನೋಡೀನ್ರಿ. ಕುಂಕುಮ ನೋಡಿದ್ದು ಇದs ಮದಲ."

ಮನಿಗೆ ಬಂದು, ಒಂದು ಹಾಡಿನ ಕಾಪಿ ಪೂರ್ತಿ ಹೋತು ಅಂತ ಹೇಳಿದೆ. ಅವ್ವ ಕೈ ಮುಗಿದು ಅಂದ್ಲು: "ಪೂಜಾ ಮಾಡಿದ್ದಕ್ಕ ಒಂದರ ಮ್ಯಾಲ ಹೋತು. ಮಾಡದಿದ್ರ ಎಷ್ಟು ಹೋಗ್ತಿದ್ವೋ ಯಪ್ಪಾ!"

೩. ಪಾರಿವಾಳ

ಮುಂದ ಸೀಡಿ ಬಂದ್ವು. ಅಂಗಡಿಯಾಂವs ಎರಡು ಸೀಡಿಯೊಳಗ ಅಷ್ಟೂ ಹಾಡು ಬರದು ಕೊಟ್ಟ. ನಾ ಅವುಗಳ ಮ್ಯಾಲ ಕನ್ನಡದಾಗ ಚಂದಂಗೆ "ಅವ್ವನ ಹಾಡು" ಅಂತ ಬರದು ಕಪಾಟಿನ್ಯಾಗ ಇಟ್ಟೆ. ಈ ಸರ್ತೆ ಅವ್ವಗ ಹೇಳಿದೆ, ದಸರಾಕ್ಕ ಇವಕ್ಕ ಕೈ ಹಚ್ಚಬ್ಯಾಡ ಅಂತ. ಆಕಿ ಹಚ್ಚಲಿಲ್ಲ. ಆ ಮಾತಿಗೆ ಆಕಿ ಭಾಳ ಖರೇ.

ನಮ್ಮ ಕೆಳಗ ಎರಡನೇ ಮಜಲಿನ್ಯಾಗ ಮರಾಠಿ ಹೆಣ್ಣಮಗಳೊಬ್ಬರು ಇದ್ರು, ಎಲ್ಲಾರೂ ಅವರಿಗೆ ವಹಿನಿ, ಅಂದ್ರ ವೈನಿ, ಅಂತಿದ್ರು. ಭಾಳ ಒಳ್ಳೆಯವರು. ಆದ್ರ ದಿನಾ ಮುಂಜಾನೆ ಪಾರಿವಾಳಕ್ಕ ಜ್ವಾಳ ಹಾಕೂ ಪುಣ್ಯದ ಕೆಲಸ ಹಚ್ಚಿಕೊಂಡಿದ್ರು. ಪಾರಿವಾಳ ಅವರ ಬಾಲ್ಕನಿಯೊಳಗ ತಿಂದು, ಮ್ಯಾಲ ಬಂದು ನಮ್ಮ ಬಾಲ್ಕನಿಯೊಳಗ ಬಾಕಿ ಕೆಲಸ ಮುಗಸ್ತಿದ್ವು. ಪುಣ್ಯ ಅವರಿಗೆ, ಪೊರಕಿ ನಮಗ.

ಒಂದಿನ ಕಂಪ್ಯೂಟರ್ ಯಾಕೋ ಗೊರ ಗೊರ ಅಂತು. ಇರಲಿ, ಸೀಡಿ ಅದಾವಲ್ಲ ಅಂತ ಕಪಾಟು ತಗದೆ. ಇಲ್ಲ. ಎಲ್ಲಾ ಹುಡುಕಿದೆ. ಇಲ್ಲ. ಸೋತು ಬಾಲ್ಕನಿಗೆ ಹೋಗಿ ನಿಂತೆ. ಅಲ್ಲೆ, ಬಟ್ಟಿ ಒಣಗಸೂ ಹಗ್ಗಕ್ಕ, ಎರಡು ಸೀಡಿ ದಾರಾ ಕಟ್ಟಿಸಿಕೊಂಡು ಬಿಸಲಾಗ ಫಳ ಫಳ ತಿರಗಲಿಕತ್ತಾವ. ಅವುಗಳ ಬಾಜೂಕ್ಕ ಹಗ್ಗದ ಮ್ಯಾಲ ಒಂದು ಪಾರಿವಾಳ ಕೂತು ನನ್ನನ್ನ ನೋಡ್ಲಿಕತ್ತದ.

"ಹೊಳಿಯೂ ಸೀಡಿ ಕಟ್ಟಿದ್ರ ಪಾರಿವಾಳ ಹೆದರತಾವಂತ ಎಲ್ಲಾರೂ ಹೇಳಿದ್ರು. ನಾಕು ತಿಂಗಳಾತು ಕಟ್ಟಿ" ಅಂದ್ಲು ನನ್ನ ಹೆಂಡ್ತಿ.

"ಮ್ಯಾಲ ಬರದದ್ದು ಓದಲಿಲ್ಲೇನ?"

"ಓದಿದೆ. ಉಳದ ಸೀಡಿ ಮ್ಯಾಲೆಲ್ಲಾ ಇಂಗ್ಲೀಷಿನ್ಯಾಗ ಇತ್ತು. ಇವೆರಡರ ಮ್ಯಾಲ ಕನ್ನಡದಾಗ ಇತ್ತು. ಅದಕ್ಕ ಏನೂ ಮಹತ್ವದ್ದು ಇರಲಿಕ್ಕಿಲ್ಲ ಅಂದ್ಕೊಂಡೆ."

ಕನ್ನಡದ ಸ್ಥಿತಿ ಬಗ್ಗೆ ಭಾಷಣಾ ಕೇಳೀನಿ, ನನ್ನ ಬಾಲ್ಕನಿಯೊಳಗ ಪ್ರತ್ಯಕ್ಷ ನೋಡಿದೆ. ಅಂಗಡಿಯಾಂವ ಸೀಡಿ ಒರಸಿದ, ಊದಿದ. "ಬಿಸಲಿಗೆ ಒಣಗಿ ಹಪ್ಪಳಾ ಆಗ್ಯಾವ್ರಿ" ಅಂದ.

ಅವ್ವ ಎಲ್ಲಾ ಕೇಳಿಸಿಕೊಂಡು, ಹೊಸ ಹಲ್ಲಿನ್ಯಾಗ ಸುಯ್ ಸುಯ್ ಅನ್ಕೋತ ಕೇಳಿದ್ಲು: "ಪಾರಿವಾಳರೆ ಹೋದ್ವೇನು?"

"ಇಲ್ಲ ಅವ್ವಾ. ಹಾಡಷ್ಟs ಹೋದ್ವು."

೪. ಮನಿ ಬದಲಿ

ಪುಣ್ಯಾಕ್ಕ ಕಂಪ್ಯೂಟರ್ ಆ ಸರ್ತೆ ಸಾಯಲಿಲ್ಲ. ನೆಗಡಿ ಆದಂಗ ಗೊರ ಗೊರ ಅನ್ಕೋತ ನಡದಿತ್ತು. ಅಂಗಡಿಯಾಂವ ಅಂದ: "ಇನ್ನ ಫ್ಲಾಪಿ ಬ್ಯಾಡ, ಸೀಡಿ ಬ್ಯಾಡ್ರಿ. ಹೊರಗಿಂದ ಹಚ್ಚೂ ಹಾರ್ಡ್ ಡಿಸ್ಕ್ ಬಂದೈತಿ. ವೈರ್ ಹಚ್ಚೂದು, ಕಾಪಿ ಮಾಡೂದು, ತಗದು ಕಪಾಟಿನ್ಯಾಗ ಇಡೂದು."

ತಂದೆ. ಅಲ್ಯುಮಿನಿಯಮ್ ಕವಚದ್ದು, ಇಟ್ಟಂಗಿಯಷ್ಟು ಇತ್ತು. ಅವ್ವ ಕೈಯಾಗ ತೂಗಿ ನೋಡಿ, "ಸಂಡಿಗಿ ಡಬ್ಬಿ ಇದ್ದಂಗ ಅದ" ಅಂದ್ಲು. ಆ ದಿವಸದಿಂದ ನಮ್ಮನ್ಯಾಗ ಅದಕ್ಕ ಹಾಡಿನ ಡಬ್ಬಿ ಅಂತನs ಹೆಸರು.

ನಮ್ಮ ಆಫೀಸಿಗೆ ಗುರುವಾರ ಸೂಟಿ. ಪುಣೆದಾಗ ಲೈಟಿನವರು ತಂತಿ ಬಿಚ್ಚಿ ರಿಪೇರಿ ಮಾಡೂದೂ ಗುರುವಾರನ. ಮದಲನೇ ಗುರುವಾರ ಅರ್ಧಾ ಕಾಪಿ ಆಗಿರಬೇಕಾದ್ರ ಲೈಟ್ ಹೋತು. ಎರಡನೇ ಗುರುವಾರ ಮುಕ್ಕಾಲು ಆದ ಮ್ಯಾಲ ಹೋತು. ಮೂರನೇ ಗುರುವಾರ ನಾ ನಸುಕಿನ್ಯಾಗ ಎದ್ದು, ಸ್ನಾನ ಸೈತ ಮಾಡದs ಕೂತು, ಲೈಟಿನವರು ಏಳೂದಕಿಂತ ಮದಲ ಮುಗಿಸಿದೆ. ಅರವತ್ನಾಕೂ ಡಬ್ಬಿಯೊಳಗ ಹೋದ್ವು. ಖುಷಿಗೆ ಅಂಗಡಿಗೆ ಹೋಗಿ ಹೇಳಿದೆ:

"ಬ್ಯಾಕಪ್ ಆತಪಾ! ಕಂಪ್ಯೂಟರ್ ಭಾರ ಆಗಿತ್ತಲ್ಲ, ಅದರೊಳಗಿಂದೆಲ್ಲಾ ಅಳಸಿ ಹಗರ ಮಾಡಿಬಿಟ್ಟೆ."

ಅಂವಾ ಕೈಯಾಗಿನ ಸ್ಕ್ರೂಡ್ರೈವರ್ ಕೆಳಗ ಇಟ್ಟ. "ಕಂಪ್ಯೂಟರಿನ್ಯಾಗ ಈಗ ಇಲ್ಲಾ?"

"ಇಲ್ಲ. ಡಬ್ಬಿಯೊಳಗ ಅದಾವಲ್ಲ?"

"ಸಾಹೇಬ್ರ, ಎರಡ ಕಡೆ ಇದ್ರ ಬ್ಯಾಕಪ್ರಿ. ಅಲ್ಲಿಂದ ತಗದು ಇಲ್ಲಿ ಹಾಕೂದಕ್ಕ ಮನಿ ಬದಲಿ ಮಾಡೂದು ಅಂತಾರ. ಇವತ್ತs ಹೋಗಿ ವಾಪಸ್ ಹಾಕ್ರಿ."

ಹಾಕೂವನಿದ್ದೆ, ದೇವರಾಣಿ ಹಾಕೂವನಿದ್ದೆ. ಆದ್ರ ಮನಿಗೆ ಹೋಗೂದ್ರಾಗ ಲೈಟ್ ಹೋಗಿತ್ತು. ಬರೂ ಗುರುವಾರ ಹಾಕಿದ್ರಾತು ಅಂದೆ. ಆ ಗುರುವಾರ ಬರೂದಕಿಂತ ಮದಲ ಕಂಪ್ಯೂಟರ್ ಗೊರ ಗೊರ ಅನ್ನೂದು ನಿಲ್ಲಿಸಿತು. ಎಲ್ಲಾ ನಿಲ್ಲಿಸಿತು. ಹೊಸಾದು ಬಂತು, ಆಮ್ಯಾಲೂ ಗುರುವಾರ ಬಂದ್ವು, ಹೋದ್ವು. ಡಬ್ಬಿ ಕಪಾಟಿನ್ಯಾಗ ಇತ್ತು. ಇರ್ತದ ಬಿಡು, ಎಲ್ಲಿ ಹೋಗ್ತದ ಅಂತ ನಾನೂ ಬಿಟ್ಟೆ. ನಮ್ಮನಿ ಪದ್ಧತಿ ಮರತಿದ್ದೆ.

೫. ಖಾಲಿ ಡಬ್ಬಿ ಕೊಡಬಾರದು

ಒಂದಿನ ಕೆಳಗಿನ ವಹಿನಿ ಮ್ಯಾಲ ಬಂದ್ರಂತ. ಅವರ ಮಗನ ಮುಂಜಿ ಫೋಟೋ ಅವರ ಮೈದುನನ ಕಂಪ್ಯೂಟರಿನ್ಯಾಗ ಇದ್ವು, ತರಲಿಕ್ಕೆ ಒಂದು ಡಬ್ಬಿ ಬೇಕಾಗಿತ್ತು. ನನ್ನ ಹೆಂಡ್ತಿ ಒಂದು ವಾಟಗಾ ಸಕ್ರಿ ಕೊಟ್ಟಂಗ ಹಾಡಿನ ಡಬ್ಬಿ ಎತ್ತಿ ಕೊಟ್ಲು. ನಾ ಆಫೀಸಿನ್ಯಾಗ ಇದ್ದೆ.

ಎಂಟು ದಿವಸಕ್ಕ ಡಬ್ಬಿ ವಾಪಸ್ ಬಂತು. ಜೋಡಿಗೆ ಚಿವಡಾ ಬ್ಯಾರೆ. ನಾ ವೈರ್ ಹಚ್ಚಿ ತಗದು ನೋಡಿದೆ. ಒಂಬತ್ತನೂರು ಫೋಟೋ. ವಹಿನಿ ಮಗಾ ಬೋಳುತಲಿ ಮಾಡಿಸಿಕೊಳ್ಳೂದು, ವಹಿನಿ ಮಗಾ ಭಿಕ್ಷಾ ಬೇಡೂದು, ವಹಿನಿ ಮಗಾ ಅಳೂದು. ಅವ್ವನ ಹಾಡು ಒಂದೂ ಇಲ್ಲ.

ಡಬ್ಬಿ ಬಗಲಾಗ ಇಟ್ಕೊಂಡು ಕೆಳಗ ಓಡಿದೆ. "ವಹಿನಿ, ಇದರೊಳಗ ನಮ್ಮ ಆಯಿ, ನಮ್ಮವ್ವನ ಹಾಡು ಇದ್ವು!"

ವಹಿನಿ ಶಾಂತ ರೀತಿಲೆ ಮರಾಠಿಯೊಳಗ ಅಂದ್ರು: "ಇದ್ವಲ್ಲ. ಅವನ್ನ ತಗದು ನಮ್ಮ ಕಂಪ್ಯೂಟರಿನ್ಯಾಗ ಹಾಕಿಟ್ಟೀನಿ. ಡಬ್ಬಿ ಸ್ವಚ್ಛ ಮಾಡಿದೆ. ಮತ್ತ ಖಾಲಿ ಡಬ್ಬಿ ಹೆಂಗ ವಾಪಸ್ ಕೊಡಬೇಕು? ಕೊಡಬಾರದು. ಅದಕ್ಕ ಒಂದು ಪ್ರತಿ ಮುಂಜಿ ಫೋಟೋ ನಿಮಗೂ ಇರಲಿ ಅಂತ ಬಿಟ್ಟೆ."

ತಪ್ಪೇನದ ಹೇಳ್ರಿ? ಬಂದ ಡಬ್ಬಿ ನಮ್ಮ ಭಾಂಡಿಗೆ ಸುರುವಿಕೊಂಡು, ತೊಳದು, ಏನರೆ ಹಾಕಿ ಕಳಸೂದು ನಮ್ಮವ್ವನೂ ಮಾಡ್ತಾಳ. ನನಗ ಜೀವ ಬಂದಂಗಾತು. ಅಲ್ಲೇ ಕೂತು ಎಲ್ಲಾ ಹಾಡು ಮತ್ತ ಡಬ್ಬಿಗೆ ಹಾಕ್ಕೊಳ್ಳಿಕತ್ತೆ.

ವಹಿನಿ ಬಾಜೂಕ್ಕ ಕೂತು ಅಂದ್ರು: "ಭಾಳ ಚಂದ ಹಾಡತಾರ ನಿಮ್ಮ ಆಯಿ. ಅಡಿಗಿ ಮಾಡೂ ಮುಂದ ದಿನಾ ಹಚ್ಚತೀನಿ. ಕನ್ನಡ ತಿಳಿಯೂದಿಲ್ಲ ಅಷ್ಟ. ಒಂದರೊಳಗ ವಹಿನಿ ಅಂತ ನನ್ನ ಹೆಸರೂ ಬರ್ತದ, ಅಲ್ಲಾ?"

ಹದಿನೇಳನೇದು! ಅದರೊಳಗ ವಹಿನಿಗೂ ಪಾರಿವಾಳಕ್ಕೂ ಅವ್ವ ಏನೇನು ಅಂದಿದ್ಲು ಅಂತ ನನಗ ಪೂರಾ ನೆನಪಿತ್ತು. ನಾಳೆ ಯಾರರೆ ಕನ್ನಡ ಬರೂವರು ಇವರ ಮನಿಗೆ ಬಂದು ಅರ್ಥಾ ಹೇಳಿದ್ರ ಈ ಮಜಲಿನಿಂದ ಆ ಮಜಲಿಗೆ ಮುಖಾ ಹೆಂಗ ತೋರಸೂದು?

"ವಹಿನಿ, ಇವನ್ನೆಲ್ಲಾ ಅಳಸಿಬಿಡ್ರಿ. ಕಂಪ್ಯೂಟರಿಗೆ ಭಾರ ಆಗ್ತದ" ಅಂದೆ.

"ಇರಲಿ ಬಿಡ್ರಿ, ನನಗ ಸೇರ್ತಾವ."

"ಬ್ಯಾಡ್ರಿ, ಗೊರ ಗೊರ ಅನ್ನಲಿಕ್ಕೆ ಹತ್ತತದ. ನಮ್ಮದು ಹಂಗs ಸತ್ತದ."

ಪಾಪ, ಮುಖಾ ಸಣ್ಣದು ಮಾಡಿಕೊಂಡು, ನನ್ನ ಕಣ್ಣ ಮುಂದನ ಅಳಸಿದ್ರು. ಮರ್ಯಾದಿ ಉಳೀತು ಅಂತ ಉಸರು ಬಿಟ್ಟು ಮ್ಯಾಲ ಬಂದೆ. ಇನ್ನ ಡಬ್ಬಿಯೊಳಗಿನ ಹದಿನೇಳನೇದನ್ನೂ ಅಳಸೋಣು ಅಂತ ಕೂತೆ. ಲೈಟ್ ಹೋತು. ಗುರುವಾರ ಇತ್ತು.

ಅವ್ವ ಕತ್ತಲಾಗ ಕೂತು ಕೇಳಿದ್ಲು: "ಕೆಳಗ ಒಂದೂ ಬಿಟ್ಟಿಲ್ಲಲ್ಲ?"

"ಒಂದೂ ಬಿಟ್ಟಿಲ್ಲವ್ವಾ."

"ಛಲೋ ಮಾಡಿದಿ. ಆಕಿ ಕಡೆ ಹೋದ ನನ್ನ ಉಪ್ಪಿನಕಾಯಿ ಡಬ್ಬಿ ಇನ್ನೂ ಬಂದಿಲ್ಲ. ಅದರ ಮ್ಯಾಲ ಹೆಸರು ಹಾಕಸಿದ್ದಿಲ್ಲ, ಅದಕ್ಕs."

ಆ ಕಡೀ ಮಾತು ನಾ ಸರಿಯಾಗಿ ಕೇಳಿಸಿಕೊಳ್ಳಬೇಕಾಗಿತ್ತು.

೬. ಹೆಸರು ಹಾಕಸೂದು

ಎಂಟನೇತ್ತಾ ಇದ್ದ ಮೊಮ್ಮಗಳು ನೋಡ್ ನೋಡೂದ್ರಾಗ ದೊಡ್ಡಾಕಿ ಆಗಿ ಲಗ್ನಕ್ಕ ಬಂದ್ಲು. ಬೆಳಗಾವಿ ಹುಡುಗ. ಬಿಬವೇವಾಡಿ ಕಡೆ ಒಂದು ಮಂಗಲ ಕಾರ್ಯಾಲಯದಾಗ ಲಗ್ನ ನಿಶ್ಚಯ ಆತು. ಅವ್ವನ ಸಂಭ್ರಮ ಏನ ಕೇಳ್ತೀರಿ. ಬಂದವರಿಗೆಲ್ಲಾ ಒಂದs ಮಾತು: "ಬೀಗರ ಊಟದಾಗ ಲೌಡ್‌ಸ್ಪೀಕರ್ ಕರ್ಣೆಯೊಳಗ ನನ್ನ ಹಾಡು ಹಚ್ಚತಾನ ನಮ್ಮ ಮಗಾ. ಹಲ್ಲಿದ್ದಾಗಿನ ಹಾಡು!"

ಹಲ್ಲು ಹೋದ ಮ್ಯಾಲ ಆಕಿ ಹಾಡಿದ್ದೇ ಇಲ್ಲ. ಒಂದೆರಡು ಸರ್ತೆ ಶುರು ಮಾಡಿ, ಸೀಟಿ ಬಂದ ಕೂಡ್ಲೇ ನಕ್ಕು ಬಿಟ್ಟಿದ್ಲು. ಆಮ್ಯಾಲ ನಗೂದೂ ಬಿಟ್ಲು. "ಹಲ್ಲಿನ ಜೋಡಿ ಅರ್ಧಾ ಹಾಡೂ ಉದುರಿ ಹೋದ್ವಪಾ, ನೆನಪs ಬರೂದಿಲ್ಲ. ಡಬ್ಬಿಯೊಳಗ ಅದಾವಲಾ, ಸಾಕು" ಅಂತಿದ್ಲು. ಆಕಿಗೆ ಅಷ್ಟು ಧೈರ್ಯಾ ಇದ್ದದ್ದು ಆ ಡಬ್ಬಿ ಮ್ಯಾಲ, ಮತ್ತ ನನ್ನ ಮಾತಿನ ಮ್ಯಾಲ.

ಲಗ್ನಕ್ಕ ಎಂಟು ದಿವಸ ಇತ್ತು. ಅವ್ವ ಮತ್ತ ತಂಗಿ ಪ್ಯಾಟಿಗೆ ಹೋಗಿ ಮದುಮಗಳಿಗೆ ಕೊಡೂ ಭಾಂಡಿ ಎಲ್ಲಾ ತಂದ್ರು. ಅವ್ವ ಗೆದ್ದು ಬಂದವರಂಗ ಒಳಗ ಬಂದು ಚೀಲಾ ತಗದ್ಲು. ಮ್ಯಾಲs ಹಾಡಿನ ಡಬ್ಬಿ ಇತ್ತು.

"ಇದನ್ನ ಯಾಕ ಒಯ್ದಿದ್ದಿ ಅವ್ವಾ?"

"ಲಗ್ನದ ಮನಿಗೆ ಹೋಗೂ ಸಾಮಾನಿದು. ಲಗ್ನದ ಮನಿಯಿಂದ ಹೆಸರಿಲ್ಲದ ಭಾಂಡಿ ವಾಪಸ್ ಬಂದದ್ದು ನೀ ಎಲ್ಲೆರೆ ನೋಡೀಯೇನು? ಬೆಳಗಾವಿಯವರು ತಮ್ಮದಂತ ಕಟ್ಕೊಂಡು ಹೋದ್ರ? ಅದಕ್ಕ ಎಲ್ಲಾದರ ಜೋಡಿ ಇದಕ್ಕೂ ಹೆಸರು ಹಾಕಸಿದೆ."

ಡಬ್ಬಿ ತಿರಿವಿ ನೋಡಿದೆ. ಮ್ಯಾಲಿನ ಬಾಜೂಕ್ಕ ನಮ್ಮಪ್ಪನ ಹೆಸರು, ಅಡ್ಡಹೆಸರು, ಊರು. ಪುಣೆ ಭಾಂಡಿ ಅಂಗಡಿಯವಂಗ ಕನ್ನಡ ಬರೂದಿಲ್ಲ, ಹಿಂಗಾಗಿ ಮರಾಠಿ ಅಕ್ಷರದಾಗ. ಒಂದೊಂದು ಅಕ್ಷರಾನೂ ಸಾಸಿವಿಯಂಥಾ ಸಣ್ಣ ಸಣ್ಣ ಚುಕ್ಕಿ.

"ಹೆಸರು ಹಾಕೂ ಮಷೀನು ಬಿಟ್ನೇನವ್ವಾ ಇದರ ಮ್ಯಾಲ?"

"ಛೇ, ಮಷೀನು ಯಾಕ ಬಿಡ್ತಾನ? ಇವತ್ತು ಗುರುವಾರ, ಲೈಟ್ ಎಲ್ಲಿತ್ತು?"

ಒಂದು ಕ್ಷಣ ದೇವರು ಇದ್ದಾನ ಅನಸ್ತು.

"ಹಳೇ ಕಾಲದಂಗ ಕೈಲೆ ಹಾಕಿದ. ಕಬ್ಬಿಣದ ಮ್ಯಾಲ ಡಬ್ಬಿ ಇಟ್ಟು, ಉಳಿ ಹಿಡದು, ಸುತ್ತಿಗಿಲೆ ಟಕ್ ಟಕ್ ಟಕ್ ಟಕ್ ಅಂತ ಅರ್ಧಾ ತಾಸು ಬಡದ. ಮಷೀನಿಂದು ಅಳಿಸಿ ಹೋಗ್ತದ, ಇದು ನಾಕು ತಲಿಮಾರು ಹೋಗೂದಿಲ್ಲ ಅಂದಾನ."

ಅಂಗಡಿಗೆ ಒಯ್ದೆ. ಅಂಗಡಿಯಾಂವ ಈ ಸರ್ತೆ ಬ್ಯಾಕಪ್ ಐತೇನ್ರಿ ಅಂತ ಸೈತ ಕೇಳಲಿಲ್ಲ. ವೈರ್ ಹಚ್ಚಿ ಕಿವಿ ಹಚ್ಚಿದ. ಒಳಗಿನಿಂದ ಸಪ್ಪಳ ಬರ್ತಿತ್ತು: ಟಕ್ ಟಕ್ ಟಕ್ ಟಕ್.

"ಉಳಿ ಏಟು ಇನ್ನೂ ಮರತಿಲ್ರಿ ಇದು" ಅಂದ.

ಕಡೀಕೆ ಬಿಚ್ಚಿ ತೋರಿಸಿದ. ಒಳಗ ಕನ್ನಡಿಯಂಥಾ ತಾಟು, ಅದರ ಮ್ಯಾಲ ಸುತ್ತ ಗೀರು. ಬ್ರಹ್ಮ ಬಂದ್ರೂ ಆಗೂದಿಲ್ರಿ ಅಂದ.

ಮನಿಗೆ ಬಂದು ಡಬ್ಬಿ ಅವ್ವನ ಮುಂದ ಇಟ್ಟೆ. ಆಕಿ ನನ್ನ ಮುಖಾ ನೋಡಿನ ತಿಳಕೊಂಡ್ಲು. ಬೈಯಲಿಲ್ಲ, ಅಳಲಿಲ್ಲ. "ನಾನs ಬಡಸಿದೆನಲ್ಲಪಾ" ಅಂದು ಒಳಗ ಹೋಗಿ ಮಲಗಿದ್ಲು, ಆ ದಿವಸ ಊಟಾ ಮಾಡಲಿಲ್ಲ. ಮೂರು ಕಡೆ ಮೂರು ಕಾಪಿ ಇಟ್ರೂ ನನ್ನ ತಾಯಿದು ಒಂದು ಹಾಡೂ ಉಳಸಲಿಕ್ಕೆ ಆಗಲಿಲ್ಲ ನನಗ. ಕೆಳಗ ವಹಿನಿ ಮನ್ಯಾಗ ಕುಂತು ಉಣ್ಣಲಿಕತ್ತಿದ್ದ ಹಾಡನ್ನ ನಾನs ಎಬ್ಬಿಸಿ ಕಳಿಸಿದ್ದೆ. ನನ್ನ ತಲಿ ನಾನs ಬಡಕೊಂಡೆ.

ಡಬ್ಬಿ ವಾಪಸ್ ಕೊಡೂ ಮುಂದ ಅಂಗಡಿಯಾಂವ ಸಮಾಧಾನ ಹೇಳೂವಂಗ ಒಂದು ಮಾತು ಅಂದಿದ್ದ: "ಹೆಸರು ಮಾತ್ರ ಭಾಳ ಚಂದ ಬಂದೈತ್ರಿ."

೭. ಬೀಗರ ಊಟ

ಲಗ್ನದ ದಿವಸ ಅಕ್ಷತಿ ಬಿತ್ತು, ಎಲ್ಲಾ ಆತು. ಬೀಗರು ಊಟಕ್ಕ ಕೂತ್ರು. ಬೆಳಗಾವಿ ಬೀಗತಿ, ಅಂದ್ರ ಮದುಮಗನ ತಾಯಿ, ದೊಡ್ಡ ಧ್ವನಿಲೆ ಕೇಳಿದ್ರು: "ಏನ್ರೀ, ಬೀಗರ ಹಾಡಿಲ್ಲೇನು? ಭಾಳ ಕೇಳಿದ್ವಿ ಅಜ್ಜಿ ಹಾಡಿನ ಬಗ್ಗೆ. ನಮಗ ಬೈಯೂವರs ಇಲ್ಲೇನು?"

ಅವ್ವ ತಲಿ ತಗ್ಗಿಸಿ ಸೆರಗು ತಿರುವಿಕೋತ ಕೂತ್ಲು. ನಾ ಕಂಬದ ಹಿಂದ ಹೋಗಿ ನಿಂತೆ.

ಅಷ್ಟರಾಗ ಕೆಳಗಿನ ವಹಿನಿ, ಜರದ ಸೀರಿ ಉಟ್ಟುಕೊಂಡು, ನನ್ನ ಕಡೆ ಓಡಿ ಬಂದ್ರು. "ನಿಮ್ಮ ಹೆಂಡ್ತಿ ಈಗ ಹೇಳಿದ್ರು, ಎಲ್ಲಾ ಹಾಡು ಹೋದ್ವಂತ. ಅಳಬ್ಯಾಡ್ರಿ ಭಾವೂಜಿ. ನೀವು ಅಳಸು ಅಂದಾಗ ಎಲ್ಲಾ ಅಳಸಿದೆ, ಖರೇ. ಆದ್ರ ಒಂದನ್ನ ಮದಲs ಸೀಡಿ ಮಾಡಿ ಇಟ್ಕೊಂಡಿದ್ದೆ. ನನಗ ಭಾಳ ಸೇರಿದ್ದು. ಇವತ್ತು ಲಗ್ನದಾಗ ಹಚ್ಚೋಣು ಅಂತ ಅದನ್ನ ಪರ್ಸಿನ್ಯಾಗ ತಂದಿದ್ದೆ. ಕರ್ಣೆಯವಂಗ ಕೊಟ್ಟು ಬಂದೆ!"

"ಯಾವುದು ವಹಿನಿ?" ಅಂದೆ. ಕೇಳೂದಕಿಂತ ಮದಲs ನನಗ ಗೊತ್ತಾಗಿತ್ತು.

"ನನ್ನ ಹೆಸರು ಬರೂದು."

ಕರ್ಣೆಯವನ ಕಡೆ ಓಡಿದೆ. ನಡುವ ಪಂಕ್ತಿ, ಎಲಿ, ಪಾಯಸದ ಭಾಂಡಿ. ಅರ್ಧಾ ದಾರಿ ಮುಟ್ಟೂದ್ರಾಗ ಕಾರ್ಯಾಲಯದ ನಾಕೂ ಮೂಲಿಯಿಂದ ಅವ್ವನ ಧ್ವನಿ ಬಂತು. ಹಲ್ಲಿದ್ದಾಗಿನ ಧ್ವನಿ. ಗಂಟಿ ಹೊಡದಂಗ ಖಣಿ ಖಣಿ.

"ಈ ಕೆಳಗಿನ ವಹಿನಿ ಪಾರಿವಾಳಕ್ಕ ಜ್ವಾಳ ಹಾಕ್ತಾಳ ನೋಡು, ತಿನ್ನೂದು ಆಕಿ ಮನ್ಯಾಗ, ಹೇಲೂದು ನಮ್ಮನ್ಯಾಗ! ಆಕಿ ಸ್ವರ್ಗಕ್ಕ ಹೋಗ್ಲಿಕ್ಕೆ ನಾ ಇಲ್ಲೆ ಬಾಲ್ಕನಿ ಉಡಗಬೇಕು!"

ಊಟಕ್ಕ ಕೂತವರು ಕೈ ನಿಲ್ಲಿಸಿದ್ರು. ಎಲ್ಲೋ ಒಬ್ಬರು ಕಿಸಕ್ ಅಂದ್ರು. ವಹಿನಿ ತಮ್ಮ ಹೆಸರು ಬಂದ ಕೂಡ್ಲೇ ಮುಂದ ಬಂದು ನಿಂತು, ಎಲ್ಲಾರಿಗೂ ನಗುಮುಖದಿಂದ ಕೈ ಮುಗದ್ರು.

ಕರ್ಣೆ ಮುಂದುವರೀತು: "ನಮ್ಮ ಮೊಮ್ಮಗಳನ್ನ ಧಾರವಾಡಕ್ಕ ಕೊಡ್ರಿ, ವಿಜಾಪುರಕ್ಕ ಕೊಡ್ರಿ, ಬೇಕಾದ್ರ ಈ ಕಡೆ ಪುಣೆ ಬಾಜೂಕಿನ ಭೋರಿನವರಿಗೆ ಕೊಡ್ರಿ. ಬೆಳಗಾವಿಯವರಿಗೆ ಮಾತ್ರ ಕೊಡಬ್ಯಾಡ್ರಿ! ಆ ಊರಿನ ಬೀಗರು ಬಂದ್ರಂದ್ರ ಹೋಳಿಗಿ ಉಳಿಯೂದಿಲ್ಲ, ಹೊಗಳಿಕಿ ಸಿಗೂದಿಲ್ಲ! ಮೂರು ಸರ್ತೆ ನೀಡಿಸಿಕೊಂಡು, ತುಪ್ಪಾ ಕಡಿಮಿ ಅಂತಾರ!"

ಹೋಳಿಗಿ ಮ್ಯಾಲ ಮೂರನೇ ಸರ್ತೆ ತುಪ್ಪಾ ಹಾಕಿಸಿಕೊಳ್ಳಲಿಕತ್ತಿದ್ದ ಬೆಳಗಾವಿ ಬೀಗರ ಕೈ ಅಲ್ಲೇ ನಿಂತಿತು. ನನ್ನ ತಂಗಿ ಮುಖಾ ಬೆಳ್ಳಗ ಆತು. ಮೊಮ್ಮಗಳು ಸೆರಗಿನ್ಯಾಗ ಮುಖಾ ಮುಚ್ಚಿಕೊಂಡ್ಲು. ಮುಗೀತು, ಲಗ್ನ ಆದ ದಿವಸನ ಸಂಬಂಧ ಮುರೀತು ಅಂತ ನಾ ಕಣ್ಣು ಮುಚ್ಚಿದೆ.

ಬೀಗತಿ ಎದ್ದು ನಿಂತ್ರು. ಕಣ್ಣಾಗ ನೀರು. ನಕ್ಕು ನಕ್ಕು ಬಂದ ನೀರು.

"ಇದು ನೋಡ್ರಿ ಖರೇ ಬೀಗರ ಹಾಡು! ಹಾಡಿನೊಳಗ ಯಾರ ಬೇಕಾದ್ರೂ ಬೈತಾರ. ಹಿಂಗ ಬಾಯಿ ಬಿಟ್ಟು ಬೈಯೂವರು ಈಗೆಲ್ಲಿದ್ದಾರ? ಏ, ಇನ್ನೊಂದು ಹೋಳಿಗಿ ನೀಡ್ರಿ ಇಲ್ಲೆ!"

ಇಡೀ ಕಾರ್ಯಾಲಯ ಗೊಳ್ ಅಂತು. ಕರ್ಣೆಯಾಂವ ಬಂದ್ ಮಾಡಲಿಕ್ಕೆ ಹೋದ್ರ ಬೆಳಗಾವಿಯವರs ಅವನ ಕೈ ಹಿಡದ್ರು. ಹನ್ನೆರಡೂ ನಿಮಿಷ ಆತು. ಅವ್ವ ಕಿವಿಗೆ ಕೈ ಹಚ್ಚಿ ತನ್ನ ಧ್ವನಿ ತಾನs ಕೇಳ್ಲಿಕತ್ತಿದ್ಲು. "ನೋಡು, ಒಂದೂ ಸೀಟಿ ಇಲ್ಲ" ಅಂತ ಸಣ್ಣಗ ಅಂದ್ಲು. ಅಳಲಿಕತ್ತಿದ್ಲೋ ನಗಲಿಕತ್ತಿದ್ಲೋ ನನಗ ತಿಳೀಲಿಲ್ಲ. ನನಗಂತೂ ಅಳು ಬಂತು. ಅರವತ್ತಮೂರೂ ಹಾಡು ಮಣ್ಣುಪಾಲಾಗಿದ್ವು, ಉಳದದ್ದು ಇದು.

ಕಡೀಕೆ ಕರ್ಣೆಯೊಳಗ ಎರಡು ಮಾತು ಸ್ಪಷ್ಟ ಕೇಳಿಸಿದ್ವು.

"ಅಳಸಪಾ ಇದನ್ನ."

"ಅಳಸ್ತೀನಿ ಅವ್ವಾ, ಚಿಂತಿ ಮಾಡಬ್ಯಾಡ."

ಅವ್ವ ನನ್ನ ಕಡೆ ತಿರಗಿದ್ಲು. ಕಟ್ಟಿಸಿದ ಹಲ್ಲು ಸರಿ ಮಾಡಿಕೊಂಡು, ಎಲ್ಲಾರಿಗೂ ಕೇಳೂವಂಗ, ಸೀಟಿ ಸಮೇತ ಅಂದ್ಲು:

"ಉಳಸು ಅಂದ ಅರವತ್ತಮೂರು ಉಳಸಲಿಲ್ಲ. ಅಳಸು ಅಂದದ್ದು ಒಂದು, ಅದನ್ನೂ ಅಳಸಲಿಲ್ಲ. ನಿನಗ ಇನ್ನ ಯಾವ ಕೆಲಸಾ ಹೇಳಬೇಕಪಾ ನಾನು?"